ಕಾರವಾರದಿಂದ ತಲಪಾಡಿ: ಗಾಳಿಗೆ ಬೆನ್ನು ಕೊಟ್ಟು ತುಳಿಯಿರಿ

ಓದುಗರ ಪ್ರಶ್ನೆ, ಸೈಕಲ್ ಮೇಷ್ಟ್ರ ಉತ್ತರ

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ನನ್ನ ಕರಾವಳಿ ಸೈಕಲ್ ಸವಾರಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ನಿವೃತ್ತರದ್ದು, ಇಲ್ಲವೇ ನಿವೃತ್ತಿಗೆ ದಿನ ಎಣಿಸುತ್ತಿರುವವರದ್ದು. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ, ಸೈಕಲ್ ರಿಪೇರಿಯವನೂ ಅಲ್ಲ. ಕುಂದಾಪುರದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ 60ಕ್ಕೆ ಮನೆಗೆ ಬಂದವನು. ಈಗ 67. ಕರಾವಳಿಯಲ್ಲಿ ಮೂರು ಸಲ ಹೊರಟಿದ್ದೇನೆ. ಎರಡು ಸಲ ಮುಗಿಸಿದ್ದೇನೆ.

ಪ್ರಶ್ನೆ: ಮೇಷ್ಟ್ರೇ, ಬರುವ ಆಗಸ್ಟ್‌ನಲ್ಲಿ ನನಗೆ ನಿವೃತ್ತಿ. ಗೆಳೆಯನೊಬ್ಬ ಹೋದ ವರ್ಷವೇ ನಿವೃತ್ತನಾಗಿದ್ದಾನೆ. ಇಬ್ಬರೂ ಸೇರಿ ಕರ್ನಾಟಕದ ಕರಾವಳಿ ಪೂರ್ತಿ ಸೈಕಲ್‌ನಲ್ಲಿ ಸುತ್ತಬೇಕು ಅಂತ ಆಸೆ. ದಿನಕ್ಕೆ 80 ಕಿ.ಮೀ. ಹೊಡೆದರೆ ಮಂಗಳೂರಿಂದ ನಾಲ್ಕು ದಿನದಲ್ಲಿ ಕಾರವಾರ ಮುಟ್ಟಬಹುದು ಅಂತ ಲೆಕ್ಕ ಹಾಕಿದ್ದೇವೆ. ಸರಿಯಾ?
*– ಸರ್ಕಾರಿ ನೌಕರರು, ದಾವಣಗೆರೆ*

ಲೆಕ್ಕ ಸರಿ ಇದೆ. ಹೆದ್ದಾರಿಯಲ್ಲಿ ಮಂಗಳೂರಿಂದ ಕಾರವಾರ ಸುಮಾರು 270 ಕಿ.ಮೀ. ಭಾಗಿಸಿದರೆ ನಾಲ್ಕು ದಿನವೂ ಬೇಡ. ಆದರೆ ಎರಡು ತಪ್ಪು ಮಾಡಿದ್ದೀರಿ. ಎರಡನ್ನೂ ನಿಮಗಿಂತ ಮೊದಲು ನಾನೇ ಮಾಡಿದ್ದೇನೆ, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಒಂದು, 80 ಕಿ.ಮೀ. ಇನ್ನೊಂದು, ದಿಕ್ಕು.

ಮೊದಲ ಸಲ ಹೊರಟಾಗ ನನಗೆ 61. ಡಿಸೆಂಬರ್ ತಿಂಗಳು. ಕುಂದಾಪುರದಿಂದ ಉತ್ತರಕ್ಕೆ, ಎರಡೂವರೆ ದಿನದಲ್ಲಿ ಕಾರವಾರ ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ನೀರ್‌ದೋಸೆ ತಿಂದು, ಅಕ್ಕಪಕ್ಕದವರಿಗೆಲ್ಲ ಹೇಳಿ ಹೊರಡುವಾಗ ಎಂಟೂವರೆ. ಮರವಂತೆ ಬಂತು, ಬೈಂದೂರು ಬಂತು, ಒತ್ತಿನೆಣೆಯ ಏರು ಹತ್ತಿದೆ. ಏನೂ ಅನಿಸಲಿಲ್ಲ. ಭಟ್ಕಳದಲ್ಲಿ ಊಟ ಮಾಡಿದೆ. ಅಲ್ಲಿಂದ ಆಚೆ ರಸ್ತೆ ಸಪಾಟಾಗಿದ್ದರೂ ಸೈಕಲ್ ಏರು ಹತ್ತಿದ ಹಾಗೆ ಆಡತೊಡಗಿತು. ಬ್ರೇಕ್ ಉಜ್ಜುತ್ತಿದೆಯಾ ಅಂತ ಎರಡು ಸಲ ಇಳಿದು ಚಕ್ರ ತಿರುಗಿಸಿ ನೋಡಿದೆ. ಚಕ್ರ ಸಲೀಸಾಗಿ ತಿರುಗಿತು. ಎಡಗೆನ್ನೆಗೆ ಸಮಾ ಗಾಳಿ ಹೊಡೆಯುತ್ತಿತ್ತು, ಅಷ್ಟೇ. ಒಂದು ಮೋರಿಯ ಕಟ್ಟೆ ಮೇಲೆ ಕೂತುಬಿಟ್ಟೆ. ಅಲ್ಲೇ ಕಲ್ಲಂಗಡಿ ಇಟ್ಟುಕೊಂಡಿದ್ದ ಹೆಂಗಸು, "ಎಲ್ಲಿಗೆ?" ಎಂದು ಕೇಳಿದಳು. "ಕಾರವಾರ" ಎಂದೆ. "ಬಸ್ ಇದ್ಯಲ್ಲ" ಎಂದಳು. ಕೊನೆಗೆ ಸೈಕಲನ್ನು ಗೂಡ್ಸ್ ರಿಕ್ಷಾಕ್ಕೆ ಹಾಕಿ ಮುರುಡೇಶ್ವರ ಸೇರಿದೆ. ಮರುದಿನ ತೊಡೆ ಏಳಲಿಲ್ಲ. ರೈಲಿನಲ್ಲಿ ವಾಪಸ್. ಮೂರರಲ್ಲಿ ಮುಗಿಸದ ಒಂದು ಇದೇ.

ಮೂವತ್ತು ವರ್ಷ ಬೋರ್ಡಿನ ಮೇಲೆ ಕಡಲಗಾಳಿ, ನೆಲಗಾಳಿ ಅಂತ ಬಾಣ ಎಳೆದು ಪಾಠ ಮಾಡಿದವನಿಗೆ ರಸ್ತೆಯಲ್ಲಿ ಅದು ನೆನಪಾಗಲಿಲ್ಲ ನೋಡಿ. ಒಲೆಯ ಮೇಲೆ ಖಾಲಿ ಬಾಣಲೆ ಬೇಗ ಕಾಯುತ್ತದೆ, ನೀರು ತುಂಬಿದ ಪಾತ್ರೆ ನಿಧಾನಕ್ಕೆ ಕಾಯುತ್ತದೆ, ಅಲ್ವಾ? ನೆಲ ಬಾಣಲೆ, ಕಡಲು ಪಾತ್ರೆ. ಹೊತ್ತು ಏರಿದ ಹಾಗೆ ನೆಲದ ಮೇಲಿನ ಗಾಳಿ ಕಾದು ಮೇಲೇಳುತ್ತದೆ, ಆ ಜಾಗಕ್ಕೆ ಕಡಲ ಮೇಲಿನ ತಂಪು ಗಾಳಿ ನುಗ್ಗುತ್ತದೆ. ಮಳೆಗಾಲ ಮುಗಿದ ಮೇಲೆ ನಮ್ಮ ಕರಾವಳಿಯಲ್ಲಿ ಇದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಹನ್ನೊಂದು, ಹನ್ನೆರಡಕ್ಕೆ ಶುರುವಾಗಿ ಸಂಜೆವರೆಗೆ. ಉತ್ತರಕ್ಕೆ ಹೋಗುವವನಿಗೆ ಅದು ಮುಖಕ್ಕೆ. ದಕ್ಷಿಣಕ್ಕೆ ಬರುವವನಿಗೆ ಬಲಭುಜದ ಹಿಂದಿನಿಂದ. ಯಾರೋ ಬೆನ್ನಿಗೆ ಕೈ ಇಟ್ಟು ಮೆಲ್ಲಗೆ ತಳ್ಳಿದ ಹಾಗೆ. ಅದಕ್ಕೇ ಕಾರವಾರದಿಂದ ಶುರು ಮಾಡಿ, ಕೇರಳ ಗಡಿಯ ತಲಪಾಡಿಯಲ್ಲಿ ಮುಗಿಸಿ.

ಇನ್ನು ದಿನಕ್ಕೆ ಎಷ್ಟು? ನನ್ನ ಲೆಕ್ಕ 35 ಕಿ.ಮೀ. ಕೇಳಿದರೆ ನಗು ಬರಬಹುದು. ಬೆಳಕು ಹರಿದ ಕೂಡಲೇ, ಆರೂವರೆ ಸುಮಾರಿಗೆ ಹೊರಟು, ನಡುವೆ ತಿಂಡಿ ತಿಂದು, ಹನ್ನೊಂದಕ್ಕೆ ಲಾಡ್ಜ್ ಬಾಗಿಲಲ್ಲಿ ಇರಬೇಕು. ಡಿಸೆಂಬರ್‌ನಲ್ಲೂ ನಮ್ಮಲ್ಲಿ ಮಧ್ಯಾಹ್ನ 32 ಡಿಗ್ರಿ ಮುಟ್ಟುತ್ತದೆ, ಮೇಲಿಂದ ಬೆವರು ಆರುವುದೇ ಇಲ್ಲ. ದಾವಣಗೆರೆಯ ಒಣ ಬಿಸಿಲಿಗೆ ಒಗ್ಗಿದವರಿಗೆ ಈ ಸೆಕೆ ಮೊದಲೆರಡು ದಿನ ಜಾಸ್ತಿಯೇ ಕಾಡುತ್ತದೆ. ಹನ್ನೊಂದಕ್ಕೇ ನಿಲ್ಲಿಸುವವನಿಗೆ ಗಾಳಿಯ ಚಿಂತೆ ಯಾಕೆ ಅಂತ ಕೇಳಬಹುದು. ಒಂದಲ್ಲ ಒಂದು ದಿನ ತಡವಾಗಿಯೇ ಆಗುತ್ತದೆ. ಪಂಕ್ಚರ್ ಆಗುತ್ತದೆ, ದೋಣಿ ಕಾಯಬೇಕಾಗುತ್ತದೆ, ಯಾರೋ ಮನೆಗೆ ಕರೆದು ಕಷಾಯ ಕೊಡುತ್ತಾರೆ.

ದಿನಗಳನ್ನು ನಾನು ಹೀಗೆ ಹಂಚಿಕೊಂಡಿದ್ದೆ. ಮೊದಲ ದಿನ ಕಾರವಾರದಿಂದ ಅಂಕೋಲಾ. ಊರು ಬಿಟ್ಟ ಕೂಡಲೇ ಹೆದ್ದಾರಿಯಲ್ಲಿ ಸುರಂಗ ಇದೆ, ಹಗಲಾದರೂ ಹಿಂದೆ ಮುಂದೆ ದೀಪ ಹಚ್ಚಿಕೊಂಡೇ ಹೋಗಿ. ಇಡೀ ದಾರಿಯಲ್ಲಿ ಏರಿಳಿತ ಜಾಸ್ತಿ ಇರುವ ದಿನಗಳಲ್ಲಿ ಇದೂ ಒಂದು, ಮೊದಲ ದಿನವೇ ಮುಗಿದು ಹೋಗಲಿ. ಗೋವಾ ಗಡಿಯ ಮಾಜಾಳಿಯಿಂದಲೇ ಶುರು ಮಾಡಬೇಕೆಂಬ ಹಟ ಇದ್ದರೆ ಹಿಂದಿನ ದಿನ ಸಂಜೆ ಕಾಳಿ ನದಿಯ ಹೊಸ ಸೇತುವೆ ದಾಟಿ ಹೋಗಿ ಮುಟ್ಟಿ ಬನ್ನಿ. ಅಲ್ಲಿನ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದುಹೋಯಿತು. ಎರಡನೇ ದಿನ ಅಂಕೋಲಾದಿಂದ ಗೋಕರ್ಣ. ಅಂಕೋಲಾದಲ್ಲಿ 1930ರ ಉಪ್ಪಿನ ಸತ್ಯಾಗ್ರಹ ನಡೆದದ್ದು ನಿಮಗೆ ಗೊತ್ತೇ ಇದೆ. ಉಪ್ಪು ತಯಾರಾಗುವುದನ್ನು ಕಣ್ಣಾರೆ ನೋಡಬೇಕೆಂದರೆ ಗೋಕರ್ಣದ ಪಕ್ಕದ ಸಾಣಿಕಟ್ಟಾದ ಗದ್ದೆಗಳಿವೆ. ಆದರೆ ಡಿಸೆಂಬರ್‌ನಲ್ಲಿ ರಾಶಿ ಇರುವುದಿಲ್ಲ, ಅದು ಬೇಸಿಗೆಯ ಕೆಲಸ.

ಮೂರನೇ ದಿನ ನನಗೆ ಎಲ್ಲಕ್ಕಿಂತ ಇಷ್ಟ. ಗೋಕರ್ಣದಿಂದ ಕುಮಟಾಕ್ಕೆ ಹೆದ್ದಾರಿ ಹಿಡಿದರೆ 30 ಕಿ.ಮೀ. ಮೇಲಾಗುತ್ತದೆ. ಅದನ್ನು ಬಿಡಿ. ತದಡಿಗೆ ಹೋಗಿ, ದೋಣಿಯಲ್ಲಿ ಅಘನಾಶಿನಿ ನದಿ ದಾಟಿ, ಆಚೆ ದಡದ ಅಘನಾಶಿನಿ ಊರಿಗೆ ಇಳಿಯಿರಿ. ಅಲ್ಲಿಂದ ಕುಮಟಾ ಸಣ್ಣ ದಾರಿ. ನಾನು ಹೋದ ದಿನ ದೋಣಿಯಲ್ಲಿ ಎರಡು ಬೈಕು, ನನ್ನ ಸೈಕಲ್, ಮೀನಿನ ಬುಟ್ಟಿ ಹಿಡಿದ ನಾಲ್ವರು ಹೆಂಗಸರು. ಸೈಕಲ್ ಸ್ಟ್ಯಾಂಡ್ ಹಾಕಲು ಜಾಗ ಇರಲಿಲ್ಲ, ಹ್ಯಾಂಡಲ್ ಹಿಡಿದು ನಿಂತಿದ್ದೆ. ದೋಣಿ ಹೊರಳಿದಾಗಲೆಲ್ಲ ಪೆಡಲ್ ಹೋಗಿ ಒಬ್ಬಳ ಬುಟ್ಟಿಗೆ ತಾಗುತ್ತಿತ್ತು. ಮೂರನೇ ಸಲಕ್ಕೆ ಆಕೆ ಏನೂ ಹೇಳದೆ ತಲೆಯ ಸಿಂಬಿ ಬಿಚ್ಚಿ, ಪೆಡಲ್‌ಗೂ ಬುಟ್ಟಿಗೂ ನಡುವೆ ತುರುಕಿದಳು. ಆಚೆ ದಡ ಬಂದ ಮೇಲೆ ಸಿಂಬಿ ಕೊಡವಿ ತಲೆಗೆ ಇಟ್ಟುಕೊಂಡು ಹೊರಟೇಹೋದಳು. ನೀರು ಇಳಿದ ಹೊತ್ತಿನಲ್ಲಿ ಅಲ್ಲಿ ಸೊಂಟದವರೆಗೆ ನೀರಲ್ಲಿ ನಿಂತು ಚಿಪ್ಪಿಕಲ್ಲು ಹೆಕ್ಕುವವರೂ ಕಾಣುತ್ತಾರೆ. ದೋಣಿಯ ಹೊತ್ತನ್ನು ಹಿಂದಿನ ದಿನವೇ ವಿಚಾರಿಸಿಕೊಳ್ಳಿ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಮೂರನೇ ದಿನದ ವಸತಿ ಹೊನ್ನಾವರ, ಆಮೇಲೆ ಮುರುಡೇಶ್ವರ, ಬೈಂದೂರು, ಕುಂದಾಪುರ. ಬೈಂದೂರಿಂದ ಬೆಳಿಗ್ಗೆ ಹೊರಟರೆ ಮರವಂತೆಗೆ ಬರುವಾಗ ಬಿಸಿಲು ಇನ್ನೂ ಎಳೆಯದು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ನೀವು. ಎಲ್ಲರೂ ಕಡಲ ಕಡೆ ಮುಖ ಮಾಡಿ ಫೋಟೊ ಹೊಡೆಯುತ್ತಾರೆ. ನೀವು ಸ್ವಲ್ಪ ನದಿ ಕಡೆಗೂ ತಿರುಗಿ ನಿಲ್ಲಿ.

ಏಳನೇ ದಿನ ಕುಂದಾಪುರದಿಂದ ಮಲ್ಪೆ. ಸಾಸ್ತಾನದ ಹತ್ತಿರ ಹೆದ್ದಾರಿ ಬಿಟ್ಟು ಹಂಗಾರಕಟ್ಟೆಗೆ ಹೋದರೆ ಬಾರ್ಜ್‌ನಲ್ಲಿ ಕೋಡಿಬೆಂಗ್ರೆಗೆ ದಾಟಬಹುದು. ಅಲ್ಲಿಂದ ಹೂಡೆಯವರೆಗೆ ನದಿಗೂ ಕಡಲಿಗೂ ನಡುವಿನ ಸಪೂರ ನೆಲ. ಎಂಟನೇ ದಿನ ಮಲ್ಪೆಯಿಂದ ಪಡುಕೆರೆ ಸೇತುವೆ ಹತ್ತಿ, ಮಟ್ಟು, ಕಾಪು. ಮಟ್ಟುವಿನಲ್ಲಿ ಗುಳ್ಳದ ಗದ್ದೆ ನೋಡಿ. ಗುಳ್ಳ ಅಂದರೆ ಬದನೆಯೇ, ಆದರೆ ಮಟ್ಟುವಿನವರ ಮುಂದೆ ಬದನೆ ಅನ್ನಬೇಡಿ. ಕಾಪುವಿನ ದೀಪಸ್ತಂಭ 1901ರದ್ದು. ರಾತ್ರಿಗೆ ಮೂಲ್ಕಿ. ಒಂಬತ್ತನೇ ದಿನ ಮಂಗಳೂರು, ಹತ್ತನೇ ದಿನ ಬೆಳಿಗ್ಗೆ ನೇತ್ರಾವತಿ ದಾಟಿ ತಲಪಾಡಿ. ಒಟ್ಟು 300 ಕಿ.ಮೀ. ಚಿಲ್ಲರೆ. ಹತ್ತು ದಿನದ ಜೊತೆಗೆ ಒಂದು ದಿನ ಎಲ್ಲಾದರೂ ಸುಮ್ನೆ ಕೂರಲು ಇಟ್ಟುಕೊಂಡರೆ ಹನ್ನೊಂದು.

ಡಿಸೆಂಬರ್ 24ರಿಂದ ಜನವರಿ 2ರವರೆಗೆ ಬೇಡವೇ ಬೇಡ. ಗೋಕರ್ಣ, ಮುರುಡೇಶ್ವರದಲ್ಲಿ ರೂಮು ಸಿಗುವುದಿಲ್ಲ, ಸಿಕ್ಕರೆ ದುಡ್ಡು ಕೇಳಿ ಎದೆ ಒಡೆಯುತ್ತದೆ. ನನಗೆ ಕಳೆದ ಸಲ ಊಟ, ವಸತಿ ಸೇರಿ ದಿನಕ್ಕೆ ಸುಮಾರು 1,400 ರೂಪಾಯಿ ಆಯಿತು. ಇಬ್ಬರು ರೂಮು ಹಂಚಿಕೊಂಡರೆ ಇನ್ನೂ ಕಡಿಮೆ.

ಆಗಸ್ಟ್‌ನಲ್ಲಿ ನಿವೃತ್ತಿಯಾದರೆ ಡಿಸೆಂಬರ್‌ಗೆ ಮೂರು ತಿಂಗಳು ಇದೆ. ಹತ್ತು ಕಿ.ಮೀ.ನಿಂದ ಶುರು ಮಾಡಿ. ಆಮೇಲೆ ಹರಿಹರದವರೆಗೆ ಹೋಗಿ ಹರಿಹರೇಶ್ವರನಿಗೆ ಕೈಮುಗಿದು ವಾಪಸ್ ಬಂದರೆ 28 ಕಿ.ಮೀ. ಆಯಿತು. ಆದರೆ ನಿಜವಾದ ಪರೀಕ್ಷೆ ಎರಡನೇ ದಿನದ್ದು. ಶನಿವಾರ 35 ತುಳಿದು, ಭಾನುವಾರ ಬೆಳಿಗ್ಗೆ ಎದ್ದು ಮತ್ತೆ 35 ತುಳಿಯಿರಿ. ಸೀಟಿನ ಮೇಲೆ ಎರಡನೇ ಸಲ ಕೂರುವಾಗ ಮುಖ ಹಿಂಡದಿದ್ದರೆ ನೀವು ಪಾಸು. ಗೆಳೆಯರದ್ದೂ ನೋಡಿ. ಜೋಡಿ ಸವಾರಿಯಲ್ಲಿ ನಿಧಾನ ಇರುವವರು ಯಾವಾಗಲೂ ಮುಂದೆ ಇರಬೇಕು. ಇದೊಂದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ, ಇಲ್ಲದಿದ್ದರೆ ಮೂವತ್ತು ವರ್ಷದ ಗೆಳೆತನ ಕುಮಟಾದಲ್ಲಿ ಮುಗಿಯುತ್ತದೆ.

ಪ್ರಶ್ನೆ: ನಮ್ಮ ಯಜಮಾನರಿಗೆ 63. ಬಿ.ಪಿ., ಶುಗರ್ ಎರಡೂ ಇದೆ, ಮಾತ್ರೆ ತಗೊಳ್ತಾರೆ. ನಿಮ್ಮ ಲೇಖನ ಓದಿದ ಮೇಲೆ ಒಬ್ಬರೇ ಕರಾವಳಿಗೆ ಸೈಕಲ್‌ನಲ್ಲಿ ಹೋಗ್ತೀನಿ ಅಂತ ಕೂತಿದ್ದಾರೆ. ನೀವೇ ಬೇಡ ಅಂತ ಬರೆದುಬಿಡಿ, ನಿಮ್ಮ ಮಾತು ಕೇಳ್ತಾರೆ.
*– ಗೃಹಿಣಿ, ಮೈಸೂರು*

ತಾಯಿ, ನಾನು ಬರೆದು ಹಚ್ಚಿದ ಕಿಚ್ಚು ಇದು, ಹಾಗಾಗಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಬೇಡ ಎಂದು ಬರೆಯಲಾರೆ. ಹೋಗಲಿ ಎಂದೂ ಸುಮ್ಮನೆ ಬರೆಯಲಾರೆ. ನನಗೂ ಬಿ.ಪಿ. ಇದೆ.

ಮೊದಲು ಅವರ ಡಾಕ್ಟರ ಹತ್ತಿರ ನೀವೂ ಜೊತೆಗೆ ಹೋಗಿ. ಒಬ್ಬರೇ ಹೋದರೆ "ಸ್ವಲ್ಪ ಸೈಕಲ್ ಹೊಡೀತೀನಿ ಡಾಕ್ಟ್ರೇ" ಅನ್ನುತ್ತಾರೆ, ಡಾಕ್ಟರು "ಒಳ್ಳೇದು" ಅನ್ನುತ್ತಾರೆ. ನೀವು ಪಕ್ಕದಲ್ಲಿ ಕೂತು, ದಿನಕ್ಕೆ 35 ಕಿ.ಮೀ., ಹತ್ತು ದಿನ, ಸೆಕೆಯಲ್ಲಿ ಅಂತ ಬಿಡಿಸಿ ಹೇಳಿ. ಹೃದಯದ ಪರೀಕ್ಷೆ ಏನು ಬೇಕೋ ಅವರೇ ಬರೆದುಕೊಡುತ್ತಾರೆ. ಎರಡು ವಿಷಯ ಮರೆಯದೆ ಕೇಳಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳು ಮತ್ತು ಇನ್ಸುಲಿನ್ ತೆಗೆದುಕೊಳ್ಳುವವರು ಗಂಟೆಗಟ್ಟಲೆ ಪೆಡಲ್ ತುಳಿದರೆ ಸಕ್ಕರೆ ಬೇಕಾದ್ದಕ್ಕಿಂತ ಕೆಳಗೆ ಇಳಿಯಬಹುದು. ಕೈ ನಡುಗುವುದು, ತಣ್ಣನೆ ಬೆವರು, ಕಣ್ಣು ಮಂಜು ಇವೆಲ್ಲ ಅದರ ಗುರುತು. ಹಾಗೆಯೇ ಬಿ.ಪಿ.ಗೆ ಮೂತ್ರ ಹೆಚ್ಚು ಮಾಡುವ ಮಾತ್ರೆ ಇದ್ದರೆ, ಬೆವರೂ ಸೇರಿ ದೇಹದ ನೀರು, ಉಪ್ಪು ಕಡಿಮೆಯಾಗಿ ತಲೆ ತಿರುಗಬಹುದು. ಮಾತ್ರೆಯ ಪ್ರಮಾಣ ಬದಲಿಸಬೇಕಾ ಎಂದು ಹೇಳುವವರು ಡಾಕ್ಟರು. ನಾನೂ ಅಲ್ಲ, ನಿಮ್ಮ ಯಜಮಾನರೂ ಅಲ್ಲ.

ಡಾಕ್ಟರು ಸೈ ಅಂದರೆ ನಿಮ್ಮ ಷರತ್ತು ಹಾಕಿ. ಗ್ಲೂಕೋಸ್ ಮತ್ತು ಬೆಲ್ಲ ಅಂಗಿಯ ಜೇಬಿನಲ್ಲಿರಬೇಕು, ಬ್ಯಾಗಿನ ತಳದಲ್ಲಲ್ಲ. ಕೈ ನಡುಗುವಾಗ ಜಿಪ್ ತೆಗೆಯಲು ಬರುವುದಿಲ್ಲ. ಸಕ್ಕರೆ ನೋಡುವ ಮೀಟರ್ ಜೊತೆಗಿರಲಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು, ಅಂದಾಜು ಬೇಡ. ಅದರಲ್ಲೂ ಸಕ್ಕರೆ, ಉಪ್ಪು ಇರುವುದರಿಂದ ದಿನಕ್ಕೆ ಎಷ್ಟು ಅಂತ ಡಾಕ್ಟರನ್ನೇ ಕೇಳಿ. ಬೆಳಿಗ್ಗೆ ಹೊರಡುವಾಗ ಒಂದು ಫೋನು, ಹನ್ನೊಂದಕ್ಕೆ ತಲುಪಿದ ಮೇಲೆ ಒಂದು. ನಡುವೆ ನೀವು ಮಾಡಬೇಡಿ. ಲಾರಿ ಪಕ್ಕದಲ್ಲಿ ಹೋಗುವಾಗ ಜೇಬಿನಲ್ಲಿ ಫೋನು ಬಡಿದರೆ ಗಂಡಸರಿಗೆ ತೆಗೆಯದೆ ಇರಲಾಗುವುದಿಲ್ಲ.

ಇನ್ನೊಂದು ದಾರಿಯೂ ಇದೆ. ಎರಡನೇ ಸಲ ಹೊರಟಾಗ ನನ್ನ ಹೆಂಡತಿ "ನಾನೂ ಬರ್ತೇನೆ, ಆದರೆ ತುಳಿಯುವುದಿಲ್ಲ" ಅಂದಳು. ಕರಾವಳಿಯುದ್ದಕ್ಕೂ ಕೊಂಕಣ ರೈಲು ಇದೆ. 1998ರಲ್ಲಿ ಪೂರ್ತಿ ಶುರುವಾದದ್ದು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಮುರುಡೇಶ್ವರ, ಬೈಂದೂರು, ಕುಂದಾಪುರ ಎಲ್ಲಾ ಕಡೆ ಸ್ಟೇಷನ್. ನಾನು ಬೆಳಿಗ್ಗೆ ಸೈಕಲ್‌ನಲ್ಲಿ, ಅವಳು ತಿಂಡಿ ತಿಂದು ಆರಾಮಾಗಿ ರೈಲೋ ಬಸ್ಸೋ ಹಿಡಿದು. ಬಟ್ಟೆಬರೆಯ ಬ್ಯಾಗು ಅವಳ ಹತ್ತಿರ, ನನ್ನ ಸೈಕಲ್ ಹಗುರ. ಹೊನ್ನಾವರದಲ್ಲಿ ನಾನು ಲಾಡ್ಜ್ ಸೇರುವಾಗ ಅವಳು ಆಗಲೇ ಪಕ್ಕದ ರೂಮಿನವರ ಸಂಸಾರದ ಕಥೆಯೆಲ್ಲ ತಿಳಿದುಕೊಂಡಿದ್ದಳು. ನನ್ನ ಕುತ್ತಿಗೆ ನೋಡಿ "ಹಿಂದಿನ ಭಾಗ ಸುಟ್ಟ ಬದನೆ ಆಗಿದೆ" ಎಂದು ತನ್ನ ಹತ್ತಿಯ ಶಾಲನ್ನು ಕೊಟ್ಟಳು. ಮುಂದಿನ ಏಳು ದಿನ ಹೂವಿನ ಶಾಲು ಸುತ್ತಿಕೊಂಡೇ ತುಳಿದೆ. ನಿಮಗೂ ಕರಾವಳಿ ನೋಡುವ ಮನಸ್ಸಿದ್ದರೆ ಇದನ್ನು ಮುಂದಿಟ್ಟು ನೋಡಿ. ಅವರು ಒಪ್ಪಲಿಲ್ಲ ಅಂದರೆ ಒಬ್ಬರೇ ಯಾಕೆ ಅಂತ ಕೇಳುವ ಹಕ್ಕು ನಿಮಗೆ ಬರುತ್ತದೆ.

ಪ್ರಶ್ನೆ: 45 ಸಾವಿರದ ಗೇರ್ ಸೈಕಲ್ ತಗೋಬೇಕಾ, ಮನೆಯಲ್ಲಿರುವ ಹಳೇ ಕರಿ ಸೈಕಲ್ ಸಾಕಾ?
*– ನಿವೃತ್ತ ಚಾಲಕರು, ಹಾಸನ*

ಹಳೇ ಸೈಕಲ್ ಗಟ್ಟಿ, ನಿಜ. ಆದರೆ ಕರಾವಳಿ ಅಂದರೆ ಸಪಾಟು ಅಂತ ತಿಳಿಯಬೇಡಿ. ಗುಡ್ಡದ ಕಾಲುಗಳು ಹಲವು ಕಡೆ ಕಡಲವರೆಗೆ ಚಾಚಿವೆ. ನದಿ ಬಂದಲ್ಲೆಲ್ಲ ರಸ್ತೆ ಇಳಿದು, ಸೇತುವೆಗೆ ಮತ್ತೆ ಏರುತ್ತದೆ. ನಮ್ಮ ವಯಸ್ಸಿನ ಮೊಣಕಾಲಿಗೆ ಸಣ್ಣ ಗೇರ್ ಬೇಕೇ ಬೇಕು. ಹಾಗಂತ 45 ಸಾವಿರ ಬೇಡ. ನನ್ನದು ಅದರ ಅರ್ಧ ಬೆಲೆಯ ಹೈಬ್ರಿಡ್. ಟೈರು 35 ಮಿ.ಮೀ. ಅಗಲ, ಮಣ್ಣುದಾರಿಗೂ ಆಗುತ್ತದೆ, ಡಾಂಬರಿಗೂ ಆಗುತ್ತದೆ.

ದುಡ್ಡು ಖರ್ಚು ಮಾಡುವುದಾದರೆ ಸೀಟಿಗೆ ಮಾಡಿ. ಮೊದಲ ಸೀಟು ನನಗೆ ಅಂಗಡಿಯವರೊಬ್ಬರು "ಸಾರ್, ಸೋಫಾ ಇದ್ದ ಹಾಗೆ" ಎಂದು ಕೊಟ್ಟದ್ದು. ಅಗಲ, ಮೆತ್ತಗೆ, ಒಳಗೆ ಜೆಲ್. ಬೆರಳಲ್ಲಿ ಒತ್ತಿದರೆ ಇಡ್ಲಿಯ ಹಾಗೆ ಒಳಗೆ ಹೋಗುತ್ತಿತ್ತು. ಹತ್ತು ಕಿ.ಮೀ. ಸೋಫಾವೇ. ಆಮೇಲೆ ಅದರ ಅಂಚು ಒಳತೊಡೆಗೆ ಉಜ್ಜಿ ಉಜ್ಜಿ ಚರ್ಮ ಕಿತ್ತು, ಮೂರು ದಿನ ತೆಂಗಿನೆಣ್ಣೆ ಹಚ್ಚಿಕೊಂಡು ಅಂಗಾತ ಮಲಗಿದ್ದೆ. ದೂರದ ಸವಾರಿಗೆ ಸೀಟು ಸ್ವಲ್ಪ ಬಿಗಿ ಇರಬೇಕು, ಕೂರುವ ಎರಡು ಎಲುಬಿಗೆ ಆಧಾರ ಸಿಗುವಷ್ಟು ಅಗಲ ಸಾಕು. ಎತ್ತರ ಹೀಗೆ ನೋಡಿ: ಸೀಟಿನ ಮೇಲೆ ಕೂತು, ಕೆಳಗಿರುವ ಪೆಡಲ್ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಹಿಮ್ಮಡಿ ತೆಗೆದು ಪಾದದ ಮುಂಭಾಗ ಇಟ್ಟು ತುಳಿಯುವಾಗ ಮೊಣಕಾಲು ತಾನಾಗಿ ಸ್ವಲ್ಪ ಮಡಚುತ್ತದೆ. ನಮ್ಮಲ್ಲಿ ಮುಕ್ಕಾಲು ಜನ ನೆಲಕ್ಕೆ ಕಾಲು ಸಿಗಲಿ ಅಂತ ಸೀಟು ಕೆಳಗಿಳಿಸಿ, ಆಮೇಲೆ ಮೊಣಕಾಲು ನೋವು ಅಂತ ಸೈಕಲ್ಲನ್ನು ಬೈಯುತ್ತಾರೆ.

ಎರಡು ಟ್ಯೂಬು, ಪಂಪು, ಟೈರು ಬಿಚ್ಚುವ ಪಟ್ಟಿ, ಬಲಗಡೆ ಒಂದು ಕನ್ನಡಿ. ನೀವು ಚಾಲಕರು, ಕನ್ನಡಿಯ ಬೆಲೆ ನಿಮಗೆ ಹೇಳಬೇಕಾಗಿಲ್ಲ. ಸಂಜೆ ಉಪ್ಪುಗಾಳಿ ಹೋಗುವಂತೆ ಒದ್ದೆ ಬಟ್ಟೆಯಲ್ಲಿ ಸೈಕಲ್ ಒರೆಸಿ, ಚೈನ್ ಒಣಗಿಸಿ ಎಣ್ಣೆ ಬಿಡಿ. ಎರಡು ದಿನ ಬಿಟ್ಟರೆ ಚೈನ್ ಕೆಂಪಾಗುತ್ತದೆ. ಸೈಕಲ್ಲನ್ನು ರೈಲಿನಲ್ಲಿ ಸಾಗಿಸುವುದಾದರೆ ಲಗೇಜ್ ಅಂತ ಬುಕ್ ಮಾಡಿ ಬ್ರೇಕ್ ವ್ಯಾನಿಗೆ ಹಾಕಬಹುದು. ಗೇರಿನ ಭಾಗಕ್ಕೆ ರಟ್ಟು ಸುತ್ತಿ, ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿ ಎರಡು ಕಡೆ ಕಟ್ಟಿ.

ಪ್ರಶ್ನೆ: ನಾನು ಮತ್ತು ನನ್ನ ತಂಗಿ, 60 ಮತ್ತು 57. ಇಬ್ಬರೂ ಸೈಕಲ್ ಹೊಡೆಯುತ್ತೇವೆ. ಎಲ್ಲರೂ ಕೇಳುವುದು "ಹೆಣ್ಣುಮಕ್ಕಳು ಇಬ್ಬರೇ ಹೋಗ್ತೀರಾ?" ಅಂತ. ನನಗಿರುವ ಚಿಂತೆ ಬೇರೆ. ದಾರಿಯಲ್ಲಿ ಶೌಚಾಲಯ?
*– ನಿವೃತ್ತ ಶಿಕ್ಷಕಿ, ಹುಬ್ಬಳ್ಳಿ*

ಟೀಚರ್, ಸರಿಯಾದ ಪ್ರಶ್ನೆ ಕೇಳಿದ್ದೀರಿ. ಗಂಡಸರು ಬರೆಯುವ ಪ್ರವಾಸದ ಲೇಖನಗಳಲ್ಲಿ ಇದು ಇರುವುದೇ ಇಲ್ಲ, ನನ್ನದರಲ್ಲೂ ಇರಲಿಲ್ಲ. ನಮ್ಮ ಊರಿನ ಇಬ್ಬರು ಅಕ್ಕಂದಿರು ಹೋಗಿ ಬಂದಿದ್ದಾರೆ, ಅವರನ್ನೇ ಕೇಳಿ ಬರೆಯುತ್ತಿದ್ದೇನೆ. ಹೆದ್ದಾರಿಯಲ್ಲಿ ಪೆಟ್ರೋಲ್ ಬಂಕುಗಳು ಸಿಗುತ್ತವೆ, ಆದರೆ ಎಲ್ಲಾ ಕಡೆ ಸ್ವಚ್ಛ ಇರುವುದಿಲ್ಲ. ಬಂಕಿಗಿಂತ ತಿಂಡಿಯ ಹೋಟೆಲ್ ವಾಸಿ, ಅದಕ್ಕಿಂತ ದೊಡ್ಡ ದೇವಸ್ಥಾನ ವಾಸಿ ಅನ್ನುತ್ತಾರೆ ಅವರು. ಮಟ್ಟು, ಕೋಡಿಬೆಂಗ್ರೆಯಂಥ ಒಳದಾರಿಯಲ್ಲಿ ಮನೆಯವರನ್ನೇ ಕೇಳಿದರಂತೆ. ಒಂದು ಮನೆಯಲ್ಲೂ ಇಲ್ಲ ಅನ್ನಲಿಲ್ಲ, ಎರಡು ಮನೆಯಲ್ಲಿ ಚಹಾ ಕುಡಿಸದೆ ಬಿಡಲಿಲ್ಲ. ಆದರೆ ಒಂದು ಮಾತು ಒತ್ತಿ ಹೇಳಿ ಅಂದರು: ಶೌಚಾಲಯ ಸಿಗುವುದಿಲ್ಲ ಅಂತ ನೀರು ಕುಡಿಯುವುದನ್ನು ಬಿಡಬೇಡಿ. ಅವರಲ್ಲೊಬ್ಬರು ಹಾಗೆ ಮಾಡಿ ಮೂರನೇ ದಿನ ಉರಿಮೂತ್ರದಿಂದ ಭಟ್ಕಳದಲ್ಲಿ ಡಾಕ್ಟರನ್ನು ನೋಡಬೇಕಾಯಿತು.

ವಸತಿಗೆ ಮುಂಚೆಯೇ ಫೋನ್ ಮಾಡಿ, ಸೈಕಲ್ ಒಳಗಿಡಲು ಜಾಗ ಇದೆಯಾ ಕೇಳಿ. ನೀವು ಹುಬ್ಬಳ್ಳಿಯವರಾದ್ದರಿಂದ ಕಾರವಾರಕ್ಕೋ ಅಂಕೋಲಾಕ್ಕೋ ಬಸ್ಸಿನಲ್ಲಿ ಬರುವುದು ಸುಲಭ. ಘಟ್ಟವನ್ನು ಸೈಕಲ್‌ನಲ್ಲೇ ಇಳಿಯುವ ಆಸೆ ಇದ್ದರೆ ಬಿಟ್ಟುಬಿಡಿ. ಯಲ್ಲಾಪುರದಿಂದ ಕೆಳಗೆ ಆ ದಾರಿಯಲ್ಲಿ ಲಾರಿಗಳದ್ದೇ ರಾಜ್ಯ.

ಪ್ರಶ್ನೆ: ಮಳೆಗಾಲದಲ್ಲಿ ಹೋದರೆ ಹಸಿರು ಚೆನ್ನಾಗಿರುತ್ತದೆ ಅಲ್ಲವೇ?
*– ಓದುಗರು, ತುಮಕೂರು*

ಚೆನ್ನಾಗಿರುತ್ತದೆ, ಬಸ್ಸಿನ ಕಿಟಕಿಯಿಂದ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾ ಅಂಗಡಿಯನ್ನೂ, ನಿಂತಿದ್ದ ಲಾರಿಯನ್ನೂ ಗಂಗಾವಳಿ ನದಿಗೆ ತಳ್ಳಿತು. ಆ ಅಂಗಡಿಗಳ ಸಾಲಿನಲ್ಲಿ ನಾನೂ ಸೈಕಲ್ ಒರಗಿಸಿ ಚಹಾ ಕುಡಿದಿದ್ದೆ. ಈಗ ಅಲ್ಲಿ ನಿಲ್ಲುವುದಿಲ್ಲ. ಬೈಂದೂರಿನ ಹತ್ತಿರವೂ ಒಂದು ಶಿರೂರು ಇದೆ, ವಿಚಾರಿಸುವಾಗ ಯಾವ ಶಿರೂರು ಅಂತ ಹೇಳಿ.

ಪ್ರಶ್ನೆ: ತಲಪಾಡಿಯಲ್ಲಿ ಯಾಕೆ ನಿಲ್ಲಬೇಕು? ಹಾಗೇ ಕನ್ಯಾಕುಮಾರಿವರೆಗೆ ಹೋಗಬಾರದೇ?
*– ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಂಗಳೂರು*

ಹೋಗಬಹುದು. ಮಂಗಳೂರಿನಿಂದ ಕನ್ಯಾಕುಮಾರಿ ಸುಮಾರು 700 ಕಿ.ಮೀ., ನನ್ನ ಲೆಕ್ಕದಲ್ಲಿ ಇನ್ನೂ ಇಪ್ಪತ್ತು ದಿನ. ರಸ್ತೆ ಅದೇ 66ನೇ ಹೆದ್ದಾರಿ, ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಬರುವುದು. ನಾನು ಕೊಚ್ಚಿವರೆಗೆ ಹೋಗಿ ನಿಲ್ಲಿಸಿದೆ. ಕಾಲು ಸೋತು ಅಲ್ಲ, ಮನೆಯಲ್ಲಿ ಮೊಮ್ಮಗಳ ನಾಮಕರಣ ಇತ್ತು. ಕಣ್ಣೂರಿನ ಹತ್ತಿರ ಮುಳಪ್ಪಿಲಂಗಾಡ್ ಎಂಬಲ್ಲಿ ಗಟ್ಟಿ ಮರಳಿನ ಮೇಲೆ ಸುಮಾರು ನಾಲ್ಕು ಕಿ.ಮೀ. ವಾಹನವೇ ಓಡಿಸಬಹುದು, ಸೈಕಲ್ ಬಿಡಿ. ಆಮೇಲೆ ಚೈನ್ ತೊಳೆಯಲು ಅರ್ಧ ದಿನ ಬೇಕಾಯಿತು, ಅದನ್ನೂ ಹೇಳಬೇಕು. ವೈಪಿನ್‌ನಿಂದ ಫೋರ್ಟ್ ಕೊಚ್ಚಿಗೆ ದೊಡ್ಡ ದೋಣಿಯಲ್ಲಿ ಕಾರು, ಬಸ್ಸುಗಳ ನಡುವೆ ಸೈಕಲ್ ಹಿಡಿದು ನಿಂತು ದಾಟಿದೆ. ಕೇರಳದಲ್ಲಿ ಊರು ಮುಗಿಯುವುದೇ ಇಲ್ಲ, ಒಂದು ಪೇಟೆ ಮುಗಿಯುವ ಮೊದಲೇ ಇನ್ನೊಂದು. ನೀರು, ತಿಂಡಿ, ರಿಪೇರಿಗೆ ಅನುಕೂಲ. ವಾಹನದ ಗದ್ದಲ ಮಾತ್ರ ನಮ್ಮ ಕಡೆಗಿಂತ ಬಹಳ ಜಾಸ್ತಿ, ಹೆದ್ದಾರಿ ಅಗಲ ಮಾಡುವ ಕೆಲಸ ಬೇರೆ. ನನ್ನ ಅಭಿಪ್ರಾಯ ಕೇಳಿದರೆ ಮೊದಲ ವರ್ಷ ತಲಪಾಡಿಗೆ ಮುಗಿಸಿ ಮನೆಗೆ ಹೋಗಿ. ಮುಂದಿನ ವರ್ಷ ಸೈಕಲ್ಲನ್ನು ಮಂಗಳೂರಿಗೆ ತಂದು ಅಲ್ಲಿಂದ ಮುಂದುವರಿಸಿ. ಪಿಂಚಣಿ ತಿಂಗಳು ತಿಂಗಳು ಬರುವ ಹಾಗೆ ಇದನ್ನೂ ಕಂತಿನಲ್ಲಿ ಮಾಡಬಹುದು, ಬ್ಯಾಂಕಿನವರಿಗೆ ನಾನೇನು ಹೇಳುವುದು.

ಪ್ರಶ್ನೆ: ಪ್ರಶ್ನೆಯಲ್ಲ, ತಕರಾರು. ಕುಮಟಾದ ಅಂಗಡಿಯಲ್ಲಿ "ಪುನರ್ಪುಳಿ ಶರಬತ್ತು" ಕುಡಿದೆ ಅಂತ ಬರೆದಿದ್ದೀರಿ. ನಮ್ಮಲ್ಲಿ ಅದು ಮುರುಗಲು. ಪುನರ್ಪುಳಿ ಅಂತ ಕೇಳಿದ್ದರೆ ಯಾರೂ ಕೊಡುತ್ತಿರಲಿಲ್ಲ.
*– ಓದುಗರು, ಕುಮಟಾ*

ತಪ್ಪಾಯಿತು. ಹಣ್ಣು ಒಂದೇ, ಆದರೆ ದಕ್ಷಿಣಕ್ಕೆ ಹೋದ ಹಾಗೆ ಹೆಸರು ಬದಲಾಗುತ್ತದೆ, ನಾನು ನನ್ನ ಕಡೆಯ ಹೆಸರನ್ನೇ ಬರೆದುಬಿಟ್ಟೆ. ನೀವು ಹೇಳಿದ ಹಾಗೆ ಯಾರೂ ಕೊಡಲಿಲ್ಲ ಕೂಡ. ನಾನು ಪುನರ್ಪುಳಿ ಅಂದಾಗ ಅಂಗಡಿಯ ಅಜ್ಜಿ ಮುಖ ಮುಖ ನೋಡಿದರು. ಪಕ್ಕದವನ ಲೋಟದಲ್ಲಿದ್ದ ಕೆಂಪು ನೀರು ತೋರಿಸಿ "ಅದು" ಎಂದೆ. ಎರಡು ಲೋಟ ಕುಡಿದೆ. ಹೊನ್ನಾವರ ತಲುಪಿ ಲೆಕ್ಕ ಬರೆಯುವಾಗ ಒಂದೇ ಲೋಟದ ದುಡ್ಡು ಕೊಟ್ಟದ್ದು ಗೊತ್ತಾಯಿತು. ಬಸ್ ಸ್ಟ್ಯಾಂಡಿನ ಎದುರು, ನೀಲಿ ತಗಡಿನ ಮಾಡು, ಹೊರಗೆ ಬಾಳೆಗೊನೆ ತೂಗುತ್ತಿರುತ್ತದೆ. ನೀವು ಆ ಕಡೆ ಹೋದರೆ ಒಂದು ಲೋಟದ ದುಡ್ಡು ನನ್ನ ಪರವಾಗಿ ಕೊಟ್ಟುಬಿಡಿ, ಡಿಸೆಂಬರ್‌ನಲ್ಲಿ ಬಂದಾಗ ತೀರಿಸುತ್ತೇನೆ.